ರ‍್ಯಾಂಪ್ ಇದ್ದರೆ ಸಾಕೇ? ಅಭ್ಯಾಸ ಬೋಧನೆಯಲ್ಲಿ ಶಾಲಾ ಕಟ್ಟಡವನ್ನು ಅಳೆಯುವ ಬಗೆ

ಯುಡೈಸ್ ಪ್ಲಸ್ ಮಾಹಿತಿ ತುಂಬುವಾಗ ಶಾಲೆಗಳು ‘ರ‍್ಯಾಂಪ್ ಇದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸುತ್ತವೆ. ಆದರೆ ‘ಹೌದು’ ಎಂದು ಬರೆದ ಶಾಲೆಯಲ್ಲಿಯೂ ಗಾಲಿಕುರ್ಚಿಯ ಮಗು ತಾನಾಗಿ ತರಗತಿಗೆ ಬರಲಾಗದಿರಬಹುದು. ಇಳಿಜಾರು ಇರುವುದು ಬೇರೆ, ಅದು ಬಳಕೆಗೆ ಬರುವುದು ಬೇರೆ. ಈ ವ್ಯತ್ಯಾಸ ಕಣ್ಣಂದಾಜಿಗೆ ಸಿಗುವುದಿಲ್ಲ, ಅಳತೆಪಟ್ಟಿಗೆ ಸಿಗುತ್ತದೆ. ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಈ ಅಳತೆಯನ್ನು ಕಲಿತು, ಅದನ್ನೇ ಒಂದು ಪಾಠವಾಗಿಸಬಹುದು.

ಕಾನೂನಿನ ನೆಲೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲಾ ಕಟ್ಟಡಕ್ಕೆ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದು ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 16ನೇ ಕಲಮು ಇನ್ನೂ ಮುಂದೆ ಹೋಗಿ, ಕಟ್ಟಡದ ಜೊತೆಗೆ ಆವರಣ ಮತ್ತು ಇತರ ಸೌಲಭ್ಯಗಳೂ ಮಗುವಿಗೆ ದಕ್ಕುವಂತಿರಬೇಕು ಎನ್ನುತ್ತದೆ. ಎಂದರೆ ಮೈದಾನ, ನಲ್ಲಿ, ಶೌಚಾಲಯ, ಗ್ರಂಥಾಲಯ ಎಲ್ಲವೂ ಇದರಲ್ಲಿ ಸೇರುತ್ತವೆ. ಅಳತೆಗಳನ್ನು ವಿವರಿಸುವುದು ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ನೀಡಿ, ಇಂಥ ಮಾನದಂಡಗಳು ಬರಿಯ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ನಿಯಮಗಳು ಬೇಕು ಎಂದು ಹೇಳಿತು.

1:12 ಎಂದರೇನು?

ರ‍್ಯಾಂಪಿನ ಮೂಲ ಮಾನದಂಡ 1:12. ಒಂದು ಸೆಂಟಿಮೀಟರ್ ಏರಲು ಕನಿಷ್ಠ ಹನ್ನೆರಡು ಸೆಂಟಿಮೀಟರ್ ಉದ್ದ ಬೇಕು. 15 ಸೆಂ.ಮೀ.ನ ಮೂರು ಮೆಟ್ಟಿಲುಗಳಿರುವ ಪಡಸಾಲೆಯ ಎತ್ತರ 45 ಸೆಂ.ಮೀ. ಅದಕ್ಕೆ 45 × 12 = 540 ಸೆಂ.ಮೀ., ಅಂದರೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಜಾಗ ಉಳಿಸಲು ಅದನ್ನು ಎರಡೇ ಮೀಟರ್‌ಗೆ ಮುಗಿಸಿದರೆ ಅನುಪಾತ ಸುಮಾರು 1:4.4 ಆಗುತ್ತದೆ.

ಇದರ ಪರಿಣಾಮವನ್ನು ಲೆಕ್ಕದಲ್ಲೇ ನೋಡೋಣ. ಮಗು ಮತ್ತು ಕುರ್ಚಿ ಸೇರಿ 45 ಕಿಲೋ ಇವೆ ಎಂದುಕೊಳ್ಳಿ. ಘರ್ಷಣೆಯನ್ನು ಬಿಟ್ಟರೂ 1:12ರಲ್ಲಿ ಮೇಲೇರಲು ಸುಮಾರು ಕಾಲು ಕಡಿಮೆ ನಾಲ್ಕು ಕಿಲೋ ಎತ್ತುವಷ್ಟು ಬಲ ಸಾಕು. ಎರಡು ಮೀಟರ್‌ನ ಇಳಿಜಾರಿನಲ್ಲಿ ಸುಮಾರು ಹತ್ತು ಕಿಲೋ ಎತ್ತುವಷ್ಟು ಬಲ ಬೇಕು. ಮೊದಲನೆಯದನ್ನು ಮಗು ತನ್ನ ಕೈಯಿಂದಲೇ ಏರಬಹುದು. ಎರಡನೆಯದಕ್ಕೆ ಯಾರಾದರೂ ತಳ್ಳಲೇಬೇಕು, ಇಳಿಯುವಾಗ ಮುಗ್ಗರಿಸುವ ಭಯವೂ ಇದೆ.

ಉದ್ದದ ಜೊತೆಗೆ ಇನ್ನೂ ಕೆಲವು ಅಳತೆಗಳಿವೆ. ಅಗಲ ಕನಿಷ್ಠ 1.2 ಮೀಟರ್ ಇರಬೇಕು. ಮೇಲೆ ಮತ್ತು ಕೆಳಗೆ ಕುರ್ಚಿ ತಿರುಗಲು 1.5 ಮೀಟರ್ ಸಮತಟ್ಟು ಜಾಗ, ಎರಡೂ ಬದಿಗೆ ಹಿಡಿಕೆ ಕಂಬಿ, ಅಂಚಿನಲ್ಲಿ ಚಕ್ರ ಜಾರದಂತೆ ಚಿಕ್ಕ ಕಟ್ಟೆ ಬೇಕು. ಬಾಗಿಲು ತೆರೆದಾಗ 90 ಸೆಂ.ಮೀ. ದಾರಿ ಸಿಗಬೇಕು.

ದಾರಿ ಎಲ್ಲಿ ತುಂಡಾಗುತ್ತದೆ?

ಗೇಟಿನಿಂದ ಬೆಂಚಿಗೆ, ಬೆಂಚಿನಿಂದ ನಲ್ಲಿಗೆ, ಬಿಸಿಯೂಟದ ಸಾಲಿಗೆ, ಶೌಚಾಲಯಕ್ಕೆ ಹೋಗುವ ದಾರಿ ಒಂದು ಸರಪಳಿ. ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ. ರ‍್ಯಾಂಪ್ ಸರಿಯಿದ್ದು ಶೌಚಾಲಯದ ಹೊಸ್ತಿಲು ಎತ್ತರವಾಗಿದ್ದರೆ ಮಗು ನೀರು ಕುಡಿಯುವುದನ್ನೇ ಬಿಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ಆರೋಗ್ಯದ ಪ್ರಶ್ನೆ. ‘ಎತ್ತಿಕೊಂಡು ಹೋಗುತ್ತೇವೆ’ ಎಂಬ ಮಾತಿನಲ್ಲಿ ಪ್ರೀತಿಯಿದೆ, ಆದರೆ ಹದಿಮೂರರ ಹುಡುಗಿಯನ್ನು ದಿನವೂ ಎತ್ತುವುದು ಆಕೆಯ ಮರ್ಯಾದೆಗೆ ತಕ್ಕದ್ದಲ್ಲ. ಶಾಲೆ ಬಿಡಲು ಅಷ್ಟೇ ಕಾರಣ ಸಾಕಾಗಬಹುದು.

ಅಡೆತಡೆ ಗಾಲಿಕುರ್ಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಂದದೃಷ್ಟಿಯ ಮಗುವಿಗೆ ಒಂದೇ ಬಣ್ಣದ ಮೆಟ್ಟಿಲುಗಳ ಅಂಚು ಕಾಣುವುದಿಲ್ಲ, ಅಲ್ಲಿ ಹಳದಿ ಪಟ್ಟಿ ಬಳಿದರೆ ಸಾಕು. ಶ್ರವಣದೋಷವಿರುವ ಮಗುವಿಗೆ ಶಿಕ್ಷಕರ ಮುಖ ಬೆಳಕಿನಲ್ಲಿ ಕಾಣಬೇಕು.

ನಮ್ಮ ಸೀಮೆಯ ಸಂಗತಿಗಳು

ಶಕ್ತಿನಗರ, ದೇವದುರ್ಗ, ಮಾನ್ವಿ ಸುತ್ತಲಿನ ಶಾಲೆಗಳಲ್ಲಿ ಮೂರು ವಿಷಯ ಗಮನಿಸಿ. ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಬುನಾದಿಯಿಲ್ಲದೆ ಹಾಕಿದ ರ‍್ಯಾಂಪ್ ಕಟ್ಟಡದಿಂದ ಬೇರ್ಪಟ್ಟು ನಡುವೆ ಸಂದು ಬೀಳುತ್ತದೆ, ಚಕ್ರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನುಣುಪಾದ ಶಹಾಬಾದ್ ಬಂಡೆ ಒದ್ದೆಯಾದರೆ ಜಾರುತ್ತದೆ, ಇಳಿಜಾರಿಗೆ ಒರಟು ಮೇಲ್ಮೈ ಬೇಕು. ಕಬ್ಬಿಣದ ಕಂಬಿ ಮಧ್ಯಾಹ್ನದ ಬಿಸಿಲಿಗೆ ಕೈಸುಡುತ್ತದೆ, ನೆರಳು ಬೀಳುವ ಬದಿಯಲ್ಲಿ ರ‍್ಯಾಂಪ್ ಕಟ್ಟುವುದು ಲೇಸು.

ಪಾಠಯೋಜನೆ

ಹಿರಿಯ ಪ್ರಾಥಮಿಕ ತರಗತಿಯ ಅನುಪಾತ ಪಾಠಕ್ಕೆ ಇದು ಒಳ್ಳೆಯ ಚಟುವಟಿಕೆ. ಮೊದಲ ಅವಧಿಯಲ್ಲಿ ಮಕ್ಕಳನ್ನು ಗುಂಪು ಮಾಡಿ ಅಳತೆಪಟ್ಟಿ ಕೊಡಿ. ಒಂದು ಗುಂಪು ಪಡಸಾಲೆಯ ಎತ್ತರವನ್ನೂ ಇನ್ನೊಂದು ಗುಂಪು ನೆಲದ ಮೇಲಿನ ಉದ್ದವನ್ನೂ ಅಳೆಯಲಿ. ಇಳಿಜಾರಿನ ಮೇಲ್ಮೈಯನ್ನು ಅಳೆದರೆ ಉದ್ದ ಸ್ವಲ್ಪ ಹೆಚ್ಚು ಬರುತ್ತದೆ, ಏಕೆಂದು ಮಕ್ಕಳನ್ನೇ ಕೇಳಿ. ಎರಡನೆಯ ಅವಧಿಯಲ್ಲಿ ಅನುಪಾತವನ್ನು 1:12ರೊಂದಿಗೆ ಹೋಲಿಸಿ, ಬೇಕಾದ ಉದ್ದ ಕಂಡುಹಿಡಿದು, ನಕ್ಷೆ ಬರೆಯಿಸಿ. ಅಷ್ಟು ಉದ್ದಕ್ಕೆ ಜಾಗವಿಲ್ಲದಿದ್ದರೆ ಗೋಡೆಯ ಪಕ್ಕಕ್ಕೆ ತಿರುಗಿಸಬಹುದೇ ಎಂಬುದೇ ಮುಂದಿನ ಪ್ರಶ್ನೆ.

ಒಂದು ಎಚ್ಚರಿಕೆ: ತರಗತಿಯಲ್ಲಿ ವಿಕಲಚೇತನ ಮಗು ಇದ್ದರೆ ಅದನ್ನು ಪ್ರದರ್ಶನದ ವಸ್ತುವಾಗಿಸಬೇಡಿ. ಅದು ಬಯಸಿದರೆ ತಂಡದ ಸದಸ್ಯನಾಗಿ ಅಳೆಯಲಿ, ತನ್ನ ಅನುಭವ ಹೇಳಲಿ.

ಅಳೆದ ಮೇಲೆ

ಅಳತೆಗಳನ್ನು ಒಂದು ಪುಟದಲ್ಲಿ ಬರೆದು ಮುಖ್ಯಗುರುಗಳ ಮೂಲಕ ಎಸ್‌ಡಿಎಂಸಿ ಸಭೆಗೆ ಒಪ್ಪಿಸಿ. ‘ರ‍್ಯಾಂಪ್ ಸರಿಯಿಲ್ಲ’ ಎಂದರೆ ದೂರು ಎನಿಸುತ್ತದೆ. ‘ಇರುವುದು 2 ಮೀಟರ್, ಬೇಕಾದದ್ದು 5.4 ಮೀಟರ್’ ಎಂದರೆ ಗೌಂಡಿಗೂ ಎಂಜಿನಿಯರ್‌ಗೂ ಕೆಲಸ ತಿಳಿಯುತ್ತದೆ. ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಸಲಹೆಯನ್ನೂ ಪಡೆಯಿರಿ. ದುಡ್ಡು ಬರುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ: ಆ ಮಗುವಿನ ತರಗತಿಯನ್ನು ನೆಲಮಹಡಿಗೆ ತರುವುದು, ದಾರಿಗೆ ಅಡ್ಡವಿರುವ ಮುರಿದ ಬೆಂಚು ತೆಗೆಸುವುದು, ಮೆಟ್ಟಿಲಂಚಿಗೆ ಬಣ್ಣ ಬಳಿಯುವುದು. ಮತದಾನದ ದಿನ ಇದೇ ಶಾಲೆಗೆ ಬರುವ ಊರಿನ ಅಜ್ಜ ಅಜ್ಜಿಯರಿಗೂ ಆ ದಾರಿಯೇ ಆಸರೆ.