ಪಾರ್ಸೆಲ್ ಅಗ್ಗ, ಸುಂಕ ತುಟ್ಟಿ: ಆರ್ಡರ್ ಒತ್ತುವ ಮುನ್ನ ತುಸು ತಾಳಿ

ಮಧ್ಯಾಹ್ನದ ಊಟ ಮುಗಿದಿದೆ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಮೊಬೈಲ್ ಹಿಡಿದು ಕುಳಿತಿದ್ದೀರಿ. ಬೆರಳು ಆಡಿಸುತ್ತಿದ್ದಂತೆ ಚೆಂದದ ಕೈಚೀಲವೊಂದು ಕಣ್ಣಿಗೆ ಬೀಳುತ್ತದೆ. ಬೆಲೆ ನೋಡಿದರೆ 'ಅಯ್ಯೋ, ಇಷ್ಟೇನಾ!' ಅನ್ನಿಸುತ್ತದೆ. ವಿದೇಶದ ಅಂಗಡಿಯಂತೆ, ಮನೆ ಬಾಗಿಲಿಗೇ ಬರುತ್ತದಂತೆ. ಇನ್ನೇನು ಆರ್ಡರ್ ಒತ್ತಬೇಕು, ಅಷ್ಟೇ.

ಸ್ವಲ್ಪ ತಾಳಿ. ನನ್ನ ನಾದಿನಿಗೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಮಗಳ ಹುಟ್ಟುಹಬ್ಬಕ್ಕೆಂದು ವಿದೇಶದ ಜಾಲತಾಣವೊಂದರಿಂದ ಬೂಟು ತರಿಸಿದಳು. ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು ಇನ್ನಷ್ಟು ದುಡ್ಡು ಕೇಳಿದ. 'ಆಗಲೇ ಕಟ್ಟಿದ್ದೀನಲ್ಲಪ್ಪಾ' ಅಂದರೆ, 'ಅದು ಸಾಮಾನಿಂದು ಮೇಡಂ, ಇದು ಕಸ್ಟಮ್ಸ್‌ದು' ಅಂದ. ಮಗಳು ಪಕ್ಕದಲ್ಲೇ ಕುಣಿಯುತ್ತಿದ್ದಾಳೆ, ವಾಪಸ್ ಕಳಿಸುವುದು ಹೇಗೆ? ದಿನಸಿಗೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಣ ಹೋಯಿತು. ಆ ತಿಂಗಳು ಎಣ್ಣೆ, ಬೇಳೆ ಎಲ್ಲದರಲ್ಲೂ ಕೈ ಬಿಗಿ.

ಸುಂಕದ ಲೆಕ್ಕ ಹೀಗೆ

ವಿದೇಶದಿಂದ ನಮ್ಮ ಸ್ವಂತ ಬಳಕೆಗೆ ತರಿಸುವ ವಸ್ತುವಿಗೂ ಸುಂಕ ಉಂಟು. ಅದು ಬರೀ ವಸ್ತುವಿನ ಬೆಲೆಯ ಮೇಲಲ್ಲ. ಸಾಗಣೆ ವೆಚ್ಚ, ವಿಮೆ ಎಲ್ಲ ಸೇರಿಸಿದ ಮೊತ್ತದ ಮೇಲೆ ಮೊದಲು ಕಸ್ಟಮ್ಸ್ ಸುಂಕ. ಆ ಸುಂಕವೂ ಸೇರಿದ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಅನ್ನುವುದು ಇದಕ್ಕೇ.

ಲೆಕ್ಕದ ರೀತಿ ತಿಳಿಯಲು ಒಂದು ಉದಾಹರಣೆ. ವಸ್ತುವಿನ ಬೆಲೆ 2,000 ರೂಪಾಯಿ, ಸಾಗಣೆ 500 ಅಂದುಕೊಳ್ಳಿ. ಒಟ್ಟು 2,500. ಸುಂಕ ಶೇ 10 ಇದ್ದರೆ 250 ರೂಪಾಯಿ. ಈಗ ಮೊತ್ತ 2,750. ಅದರ ಮೇಲೆ ಶೇ 18 ಜಿಎಸ್‌ಟಿ ಅಂದರೆ 495 ರೂಪಾಯಿ. ಕೊನೆಗೆ ನಿಮ್ಮ ಕೈ ಬಿಟ್ಟದ್ದು 3,245! ಕೊರಿಯರ್‌ನವರ ಸೇವಾ ಶುಲ್ಕ ಇದ್ದರೆ ಅದು ಬೇರೆ. ವಸ್ತುವಿಗೆ ತಕ್ಕಂತೆ, ಬಜೆಟ್‌ಗೆ ತಕ್ಕಂತೆ ದರ ಬದಲಾಗುತ್ತಿರುತ್ತದೆ. 2026ರ ಕೇಂದ್ರ ಬಜೆಟ್‌ನಲ್ಲಿ ಸ್ವಂತ ಬಳಕೆಯ ಆಮದಿನ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸುವ ಪ್ರಸ್ತಾಪ ಬಂತು. ದರ ಇಳಿದರೂ ಲೆಕ್ಕ ಹಾಕುವ ಕ್ರಮ ಇದೇ.

'ಗಿಫ್ಟ್' ಅಂತ ಬರೆಸಿದರೆ ನಡೆಯುತ್ತಾ?

'ನನ್ನ ತಂಗಿ ದುಬೈನಲ್ಲಿದ್ದಾಳೆ, ಗಿಫ್ಟ್ ಅಂತ ಬರೆದು ಕಳಿಸಿಬಿಡ್ತಾಳೆ' ಅನ್ನುವವರಿದ್ದೀರಿ. ಆ ಕಾಲ ಮುಗಿಯಿತು. ಮೊದಲು 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಅಕ್ಕತಂಗಿಯರ ಪ್ರೀತಿಗೆಂದು ಇದ್ದ ಈ ರಿಯಾಯಿತಿಯನ್ನು ವಿದೇಶದ ಆನ್‌ಲೈನ್ ಮಾರಾಟಗಾರರು ಬಳಸಿಕೊಂಡರು. ಅಂಗಿ, ಕಿವಿಯೋಲೆ, ಆಟಿಕೆಗಳೆಲ್ಲ 'ಉಡುಗೊರೆ'ಯ ಹೆಸರಲ್ಲಿ ಸುಂಕವಿಲ್ಲದೆ ಒಳಬಂದವು. ತೆರಿಗೆ ಕಟ್ಟಿ ವ್ಯಾಪಾರ ಮಾಡುವ ನಮ್ಮ ಅಂಗಡಿಯವರು 'ಇದ್ಯಾವ ನ್ಯಾಯ?' ಎಂದು ಕೇಳಿದರು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ದಾರಿ ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಮಿಕ್ಕ ಉಡುಗೊರೆಗಳಿಗೆ ಸುಂಕ ಕಟ್ಟಲೇಬೇಕು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಆಸ್ಟ್ರೇಲಿಯಾ 2018ರ ಜುಲೈನಿಂದ ವಿದೇಶದ ಸಣ್ಣ ಪಾರ್ಸೆಲ್‌ಗಳ ಮೇಲೂ ಶೇ 10 ಜಿಎಸ್‌ಟಿ ಹಾಕಿತು. ನ್ಯೂಜಿಲೆಂಡ್ 2019ರ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಅದನ್ನೂ ತೆಗೆದರು. ಆ ಹೊತ್ತಿಗೆ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೆಚ್ಚಿನ ಪಾರ್ಸೆಲ್ ಕಳಿಸುವುದನ್ನೇ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಮಗಳಿಗೆ ಚಕ್ಕುಲಿ, ಚಟ್ನಿಪುಡಿ ಕಟ್ಟಿಟ್ಟುಕೊಂಡ ತಾಯಂದಿರು ಅಂಚೆ ಕಚೇರಿಯಿಂದ ವಾಪಸ್ ಬಂದದ್ದು ನಿಮಗೂ ನೆನಪಿರಬಹುದು.

ಬಾಗಳಿಯ ಅವ್ವ, ಪೇಟೆಯ ಜವಳಿ ಅಂಗಡಿ

ನನ್ನ ತವರು ಹರಪನಹಳ್ಳಿ ತಾಲ್ಲೂಕಿನ ಬಾಗಳಿ. ಕಲ್ಲೇಶ್ವರ ಗುಡಿ ಇರುವ ಊರು. ನಮ್ಮ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ಎಷ್ಟು ಸಲ ಬದಲಾದರೂ ಅವ್ವ ಹೋಗುತ್ತಿದ್ದ ಜವಳಿ ಅಂಗಡಿ ಮಾತ್ರ ಬದಲಾಗಲಿಲ್ಲ.

ಅದು ಹರಪನಹಳ್ಳಿ ಪೇಟೆಯ ಸಣ್ಣ ಅಂಗಡಿ. ಮಳೆ ಕೈಕೊಟ್ಟ ವರ್ಷ ಅಕ್ಕನ ಮದುವೆ ಬಂತು. ಅಪ್ಪನ ಕೈಯಲ್ಲಿ ದುಡ್ಡಿಲ್ಲ. ಅಂಗಡಿಯ ಯಜಮಾನರು 'ಯವ್ವಾ, ಮದುವಿ ನಿಲ್ಲಬಾರ್ದು, ಜವಳಿ ಒಯ್ಯಿರಿ. ಬೆಳಿ ಬಂದ ಮ್ಯಾಲೆ ಕೊಟ್ಟರಾತು' ಅಂದರು. ಬರೀ ಉದ್ರಿ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡರು, ಅಷ್ಟೇ. ತೀರಿಸಲು ಎರಡು ಸುಗ್ಗಿ ಬೇಕಾಯಿತು. ಒಂದು ದಿನವೂ ಮನೆ ಬಾಗಿಲಿಗೆ ಬಂದು ಕೇಳಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಆ ಅಂಗಡಿಗೆ ಹೋಗಿದ್ದೆ. ಈಗ ಮಗ ಕೂರುತ್ತಾನೆ. ಕಪಾಟಿನಲ್ಲಿ ಮಾಲು ಕಡಿಮೆ. 'ಹುಡುಗ್ಯಾರು ಬರ್ತಾರ ಅಕ್ಕಾರ, ಸೀರಿ ಮುಟ್ಟಿ ನೋಡ್ತಾರ, ಫೋಟೊ ತಗೊಂಡು ಹೊಕ್ಕಾರ. ಆಮ್ಯಾಲೆ ಮೊಬೈಲಿನ್ಯಾಗ ತರಿಸ್ಕೊಂತಾರ' ಅಂದ. ಸಿಟ್ಟಿನಿಂದಲ್ಲ, ನಗುತ್ತಲೇ ಅಂದ. ನನಗೆ ಮಾತ್ರ ತಲೆ ತಗ್ಗಿತು. ಯಾಕೆಂದರೆ ಅಂದು ನಾನು ಉಟ್ಟಿದ್ದ ಸೀರೆಯೂ ಮೊಬೈಲಿನಲ್ಲಿ ಕೊಂಡದ್ದೇ!

ಅಂಗಡಿಯವರದೆಲ್ಲ ಸರಿಯೇ?

ಹಾಗಂತ ಅಂಗಡಿಯವರದೆಲ್ಲ ಸರಿ, ಆನ್‌ಲೈನ್‌ನವರದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಗೃಹಿಣಿಗೆ ಒಂದೊಂದು ರೂಪಾಯಿಯೂ ಲೆಕ್ಕವೇ. ಒಮ್ಮೆ ಕೊಂಡ ಮಾಲು ವಾಪಸ್ ಇಲ್ಲ ಅನ್ನುವ, ಬಿಲ್ ಕೇಳಿದರೆ ಮುಖ ಗಂಟಿಕ್ಕುವ ಅಂಗಡಿಗಳೂ ಇವೆ. ಪುಟ್ಟ ಊರಿನ ಹೆಣ್ಣುಮಕ್ಕಳಿಗೆ ತಮಗೆ ಬೇಕಾದ ಅಳತೆ, ಬಣ್ಣ ಸಿಕ್ಕಿದ್ದು ಆನ್‌ಲೈನ್‌ನಿಂದಲೇ.

ಆದರೆ ಪೈಪೋಟಿ ಇರಬೇಕಾದರೆ ತೂಕದ ಕಲ್ಲು ಇಬ್ಬರಿಗೂ ಒಂದೇ ಇರಬೇಕಲ್ಲವೇ? ಸರಕು ಮಾರುವ ಅಂಗಡಿಯ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಂಡವು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಮಾತನಾಡಿದ ಮೇಲೆ ಗಲಾಟೆ ತಣ್ಣಗಾಯಿತು. ತರಕಾರಿ, ಹಾಲು ಮಾರುವವರ ಲೆಕ್ಕವನ್ನೇ ಅಷ್ಟು ನೋಡುವಾಗ, ಸಮುದ್ರದಾಚೆಯ ಅಂಗಡಿಗೆ ಸುಂಕ ಬೇಡ ಅಂದರೆ ಹೇಗೆ? ಆ ಸುಂಕ ಕೊನೆಗೆ ಬೀಳುವುದು ನಮ್ಮ ಮೇಲೇ ನಿಜ. ಆದರೆ ಅದು ಇಲ್ಲದಿದ್ದರೆ ಬಾಗಿಲು ಹಾಕುವುದು ನಮ್ಮ ಬೀದಿಯ ಅಂಗಡಿ.

ನೆನಪಿರಲಿ

* ಬೆಲೆಗೆ ಸಾಗಣೆ, ಸುಂಕ, ಜಿಎಸ್‌ಟಿ ಸೇರಿಸಿ ಚೀಟಿಯಲ್ಲಿ ಬರೆದುಕೊಳ್ಳಿ. ಸುಂಕ ಬೆಲೆಯಲ್ಲೇ ಸೇರಿದೆಯೋ, ಬಾಗಿಲಲ್ಲಿ ಕೊಡಬೇಕೋ ಎಂದು ಮೊದಲೇ ನೋಡಿ.

* ಬೆಲೆ ಕಡಿಮೆ ತೋರಿಸಿ ಕಳಿಸಲು ಯಾರಿಗೂ ಹೇಳಬೇಡಿ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವೇ.

* ನಮ್ಮ ದೇಶದ ಜಾಲತಾಣಗಳಲ್ಲೂ ವಸ್ತು ತಯಾರಾದ ದೇಶ ಯಾವುದು ಎಂದು ತೋರಿಸಲೇಬೇಕು. ಓದಿ ನೋಡಿ ಕೊಳ್ಳಿ.

* ಮಕ್ಕಳ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ಇದೆಯೇ ನೋಡಿ. 2021ರ ಜನವರಿಯಿಂದ ಅದು ಕಡ್ಡಾಯ.

* 'ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಈ ಖಾತೆಗೆ ಹಣ ಹಾಕಿ' ಎಂದು ಫೋನ್ ಬಂದರೆ ಹೆದರಬೇಡಿ, ಹಣ ಹಾಕಬೇಡಿ. ಕಸ್ಟಮ್ಸ್‌ನವರು ಯಾರದೋ ಖಾಸಗಿ ಖಾತೆಗೆ ಸುಂಕ ಕಟ್ಟಿಸಿಕೊಳ್ಳುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಖರೀದಿಯಲ್ಲಿ ಮೋಸವಾದರೆ ಗ್ರಾಹಕ ಸಹಾಯವಾಣಿ 1915.

* ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5ರ ಜಿಎಸ್‌ಟಿ. ಅಂಗಡಿಯ ಬೆಲೆಯಲ್ಲಿ ಅದು ಕಾಣುತ್ತದೆಯೇ ಎಂದು ನೋಡಿ.

ಕೊನೆಯದಾಗಿ ಒಂದು ಮಾತು. ಮೊಬೈಲಿನಲ್ಲಿ ಇಷ್ಟವಾದ ಸೀರೆಯ ಚಿತ್ರವನ್ನು ನಿಮ್ಮ ಬೀದಿಯ ಅಂಗಡಿಗೆ ಒಯ್ದು ತೋರಿಸಿ. 'ಇಂಥದ್ದು ತರಿಸಿಕೊಡ್ತೀರಾ?' ಅಂತ ಕೇಳಿ. ನಾನೂ ಅದನ್ನೇ ಮಾಡಿದೆ. ವಾರದೊಳಗೆ ತರಿಸಿಕೊಟ್ಟ. ಮೊಬೈಲಿಗಿಂತ ನೂರಿಪ್ಪತ್ತು ರೂಪಾಯಿ ಹೆಚ್ಚಾಯಿತು, ನಿಜ. ಫಾಲ್ ಹಾಕಿಸಿದ್ದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಲಿಲ್ಲ. 'ಅವ್ವಾರು ಆರಾಮ ಅದಾರೇನ್ರಿ?' ಅಂತ ಕೇಳಿದ. ಆ ಹಳೆಯ ಉದ್ರಿ ಪುಸ್ತಕ ಇನ್ನೂ ಅವನ ಗಲ್ಲಾದ ಪಕ್ಕದಲ್ಲೇ ಇತ್ತು.