ಜೇನುಮುಳ್ಳು ಮತ್ತು ಮೈಗಾವಲು

ಜೇನುನೊಣ ಕಚ್ಚಿತು ಎಂದು ಹೇಳುವುದು ವಾಡಿಕೆ. ವಾಸ್ತವವಾಗಿ ಅದು ಕಚ್ಚುವುದಲ್ಲ, ಚುಚ್ಚುವುದು. ಅದರ ಮುಳ್ಳಿಗೆ ಹಿಮ್ಮುಖವಾದ ಗರಗಸದ ಹಲ್ಲುಗಳಿವೆ. ಮನುಷ್ಯನ ಚರ್ಮವನ್ನು ಹೊಕ್ಕ ಮುಳ್ಳನ್ನು ನೊಣವು ಮರಳಿ ಎಳೆದುಕೊಳ್ಳಲಾರದು. ವಿಷದ ಚೀಲದೊಡನೆ ಅದನ್ನು ಅಲ್ಲಿಯೇ ಬಿಟ್ಟು ಹೋಗಿ ಸಾಯುತ್ತದೆ. ನೊಣ ಹೋದ ಮೇಲೂ ಚೀಲವು ಮಿಡಿಯುತ್ತ ವಿಷವನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಆದುದರಿಂದ ಮುಳ್ಳನ್ನು ಹೇಗೆ ಕೀಳಬೇಕೆಂದು ಚರ್ಚಿಸುತ್ತ ನಿಲ್ಲುವುದಕ್ಕಿಂತ ಕೂಡಲೇ ಕಿತ್ತುಹಾಕುವುದು ಲೇಸು.

ಒಂದು ಮುಳ್ಳಿನಿಂದ ಮೈಯನ್ನು ಸೇರುವ ವಿಷ ಒಂದು ಗ್ರಾಮಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಇಷ್ಟು ಅಲ್ಪವಾದ ವಸ್ತು ಕೈಯನ್ನು ಎರಡು ದಿನ ಊದಿಸುವುದೆಂತು? ಮೊದಲ ಉರಿ ವಿಷದ್ದು, ನಿಜ. ಆದರೆ ಅನಂತರದ ಊತದಲ್ಲಿ ಹೆಚ್ಚಿನ ಪಾಲು ನಮ್ಮ ದೇಹವೇ ಹೂಡುವ ರಕ್ಷಣೆಯ ಫಲ.

ಒಣಗಿಸಿದ ಜೇನುವಿಷದಲ್ಲಿ ಅರ್ಧದಷ್ಟು ಇರುವುದು ಮೆಲಿಟಿನ್. ಅದು ಜೀವಕೋಶಗಳ ಪೊರೆಯನ್ನು ತೂತುಮಾಡುತ್ತದೆ. ಸುಮಾರು ಹತ್ತರಲ್ಲೊಂದು ಪಾಲು ಫಾಸ್ಫೋಲಿಪೇಸ್ ಎಂಬ ಕಿಣ್ವ. ಕೋಶದ ಪೊರೆಯು ಬಹುಮಟ್ಟಿಗೆ ಫಾಸ್ಫೋಲಿಪಿಡ್ ಎಂಬ ಮೇದಸ್ಸಿನ ಅಣುಗಳಿಂದ ಆದುದು; ಒಂದೊಂದು ಅಣುವಿಗೂ ಎರಡೆರಡು ಬಾಲಗಳು. ಈ ಕಿಣ್ವವು ಕತ್ತರಿಯಂತೆ ಒಂದು ಬಾಲವನ್ನು ಕತ್ತರಿಸಿಬಿಡುತ್ತದೆ. ಬಿದ್ದ ಬಾಲವೇ ಕೊಬ್ಬಿನ ಆಮ್ಲ. ಉಳಿದುದು ಒಂಟಿಬಾಲದ ಮೇದಸ್ಸು.

ಈ ತುಣುಕುಗಳನ್ನು ಗಮನಿಸುವವರು ಯಾರು? ಚರ್ಮದ ಮೇಲ್ಪದರದಲ್ಲಿ ಕೈಗಳನ್ನು ಚಾಚಿ ನಿಂತಂತಿರುವ ಒಂದು ಬಗೆಯ ಕೋಶಗಳುಂಟು. 1868ರಲ್ಲಿ ಬರ್ಲಿನ್ನಿನಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಪಾಲ್ ಲಾಂಗರ್‌ಹಾನ್ಸ್ ಅವನ್ನು ಮೊದಲು ಕಂಡು, ಆಕಾರದಿಂದ ನರಗಳಿಗೆ ಸೇರಿದವೆಂದು ಬಗೆದನು. ಅವು ಕಾವಲುಗಾರರೆಂದು ತಿಳಿಯಲು ನೂರು ವರ್ಷ ಹಿಡಿಯಿತು. ಸಿಕ್ಕ ವಸ್ತುವಿನ ತುಣುಕನ್ನು ತಮ್ಮ ಮೈಮೇಲೆ ಎತ್ತಿಹಿಡಿದು, ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳಿಗೆ ತೋರಿಸುವುದು ಅವುಗಳ ಕೆಲಸ. ಟಿ-ಕೋಶಗಳು ಪ್ರೋಟೀನಿನ ತುಣುಕುಗಳನ್ನಷ್ಟೇ ಗುರುತಿಸಬಲ್ಲವೆಂದು ಬಹುಕಾಲ ನಂಬಲಾಗಿತ್ತು. ಆದರೆ ಲಾಂಗರ್‌ಹಾನ್ಸ್ ಕೋಶದ ಮೇಲಿರುವ ಸಿಡಿ1ಎ ಎಂಬ ಹಿಡಿಕೆಯು ಹಿಡಿಯುವುದು ಮೇದಸ್ಸನ್ನು. ಜೇನುವಿಷವು ಕತ್ತರಿಸಿದ ಮೇದಸ್ಸಿನ ತುಣುಕುಗಳನ್ನು ಈ ಹಿಡಿಕೆ ತೋರಿಸಿದಾಗ ಟಿ-ಕೋಶಗಳು ಕೆರಳುತ್ತವೆಂದು 2015ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ತೋರಿಸಿಕೊಟ್ಟರು.

ಆ ತುಣುಕು ಜೇನಿನದಲ್ಲ, ನಮ್ಮದೇ ಚರ್ಮದ್ದು ಎಂಬುದನ್ನು ಗಮನಿಸಿರಿ. ಕಳ್ಳನ ಮುಖ ಕಾಣದಿದ್ದರೂ ಅಂಗಳದಲ್ಲಿ ಬಿದ್ದ ಒಡೆದ ಹೆಂಚನ್ನು ಕಂಡು ಮನೆಯವರು ಕೂಗೆಬ್ಬಿಸುವುದಿಲ್ಲವೆ? ದೇಹದ ರೀತಿಯೂ ಅಂಥದೇ.

ಈ ಕಾವಲು ಅತಿಯಾದರೆ ಕೇಡೂ ಉಂಟು. ಕೆಲವರಲ್ಲಿ ಮೊದಲ ಮುಳ್ಳಿನ ತರುವಾಯ ವಿಷದ ವಿರುದ್ಧ ಐಜಿಇ ಎಂಬ ಪ್ರತಿಕಾಯ ಸಿದ್ಧವಾಗಿ, ಮಾಸ್ಟ್ ಕೋಶಗಳ ಮೇಲೆ ಅಂಟಿ ಕಾದಿರುತ್ತದೆ. ಮುಂದೆಂದೋ ಇನ್ನೊಂದು ನೊಣ ಚುಚ್ಚಿದಾಗ ಆ ಕೋಶಗಳು ಹಿಸ್ಟಮೀನ್ ಮೊದಲಾದವನ್ನು ಒಮ್ಮೆಲೇ ಹೊರಚೆಲ್ಲುತ್ತವೆ. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೇ ಇಂಥದನ್ನೇ ನಾಯಿಗಳಲ್ಲಿ ಕಂಡರು. ಕಡಲಿನಲ್ಲಿ ಹೂವಿನಂತೆ ಕಾಣುವ ಅನಿಮೋನ್ ಎಂಬ ಜೀವಿಯ ವಿಷವನ್ನು ಒಮ್ಮೆ ತಾಳಿಕೊಂಡಿದ್ದ ನಾಯಿ, ಕೆಲವು ವಾರಗಳ ಬಳಿಕ ಅದೇ ವಿಷಕ್ಕೆ ಅರ್ಧ ಗಂಟೆಯೊಳಗೆ ಸತ್ತಿತು. ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ರಿಷೆಗೆ ನೊಬೆಲ್ ಪಾರಿತೋಷಕ ಬಂದಿತು.

ಚುಚ್ಚಿದೆಡೆಯಲ್ಲಷ್ಟೇ ಊದಿದರೆ ಅಂಜಬೇಕಾಗಿಲ್ಲ. ಮೈಯೆಲ್ಲ ದದ್ದು ಎದ್ದು, ನಾಲಿಗೆ ದಪ್ಪವಾಗಿ, ಉಸಿರು ಕಟ್ಟಿ, ತಲೆ ಸುತ್ತಿದರೆ ಸುಣ್ಣ ಬಳಿಯುತ್ತ ಕುಳಿತುಕೊಳ್ಳಬಾರದು, ಆಸ್ಪತ್ರೆಗೆ ಧಾವಿಸಬೇಕು. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಹೆಜ್ಜೇನು ಹಿಂಡಾಗಿ ಎರಗಿದಾಗಲಂತೂ ಅಲರ್ಜಿಯಿಲ್ಲದವರಿಗೂ ವಿಷದ ಪ್ರಮಾಣವೇ ಅಪಾಯಕಾರಿ.

ಇಂಥ ಅಲರ್ಜಿಯುಳ್ಳವರಿಗೆ ಹಿಂದೆ ಇಡೀ ನೊಣಗಳನ್ನೇ ಅರೆದು ತೆಗೆದ ಸಾರವನ್ನು ಮದ್ದಾಗಿ ಕೊಡುತ್ತಿದ್ದರು. ಅದರಿಂದ ಪ್ರಯೋಜನವಿಲ್ಲವೆಂದೂ, ಶುದ್ಧವಾದ ವಿಷವನ್ನೇ ಅಣುಮಾತ್ರದಿಂದ ತೊಡಗಿ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಕೊಟ್ಟರೆ ದೇಹವು ಅದಕ್ಕೆ ಒಗ್ಗಿಕೊಳ್ಳುತ್ತದೆಂದೂ 1978ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಇಂದಿಗೂ ಆ ಚಿಕಿತ್ಸೆಯನ್ನು ವೈದ್ಯರ ಕಣ್ಣೆದುರಿನಲ್ಲಿ ಹಲವು ವರ್ಷ ನಡೆಸುತ್ತಾರೆ.