ಪರದೇಶದಲ್ಲಿ ದಾರಿ ತೋರುವ ನಕಾಶೆ

ನಮ್ಮ ಕರಜಗಿಯು ಅಕ್ಕಲಕೋಟೆ ತಾಲೂಕಿನದು. ಇದೇ ಹೆಸರಿನ ಇನ್ನೊಂದು ಊರು ಹಾವೇರಿ ಜಿಲ್ಲೆಯಲ್ಲುಂಟು. ಮೊಬೈಲಿನ ನಕಾಶೆಯಲ್ಲಿ ಬರಿಯ ‘ಕರಜಗಿ’ ಎಂದು ಬರೆದು ಹೊರಟವನು ಯಾವ ಊರನ್ನು ಸೇರಿಯಾನು? ಇಲ್ಲಿಯಾದರೆ ದಾರಿಹೋಕರನ್ನು ಕನ್ನಡದಲ್ಲೋ ಮರಾಠಿಯಲ್ಲೋ ಕೇಳಿ ತಿದ್ದಿಕೊಳ್ಳಬಹುದು. ಭಾಷೆಯರಿಯದ ಪರದೇಶದಲ್ಲಿ ಅದು ಸುಲಭವಲ್ಲ.

2009ರಲ್ಲಿ ಸ್ವೀಡನ್ ದೇಶದ ದಂಪತಿಗಳು ಇಟಲಿಯ ಕಾಪ್ರಿ ದ್ವೀಪವನ್ನು ನೋಡಲು ಕಾರಿನಲ್ಲಿ ಹೊರಟರು. ದಾರಿ ತೋರುವ ಯಂತ್ರದಲ್ಲಿ ಅಕ್ಷರ ಹಿಂದುಮುಂದಾಗಿ ‘ಕಾರ್ಪಿ’ ಎಂದಾಯಿತು. ಯಂತ್ರವು ಅವರನ್ನು ತಪ್ಪದೆ ಕಾರ್ಪಿಗೇ ಒಯ್ದಿತು! ಅದು ಉತ್ತರ ಇಟಲಿಯ ಒಳನಾಡಿನ ಪಟ್ಟಣ. ಅಲ್ಲಿಯ ಪ್ರವಾಸಿ ಕಚೇರಿಯಲ್ಲಿ, ಕಾಪ್ರಿಯ ಪ್ರಸಿದ್ಧ ನೀಲಿ ಗುಹೆ ಎಲ್ಲಿದೆಯೆಂದು ವಿಚಾರಿಸಿದಾಗಲೇ ತಪ್ಪು ಬಯಲಾದದ್ದು. ಕಡಲನ್ನೇ ದಾಟದೆ ದ್ವೀಪ ಬಂದಿತೆಂದು ಅವರು ನಂಬಿದರೆಂಬುದೇ ನಮಗೆ ಸೋಜಿಗ.

ಇದರಲ್ಲಿ ಉಪಗ್ರಹಗಳ ದೋಷವಿಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಕಾಲವನ್ನು ತಿಳಿಸುವ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ನಾವು ಬಯಲಿನಲ್ಲಿ ನಿಂತ ಸ್ಥಳವನ್ನು ಮೊಬೈಲು ಕೆಲವೇ ಮೀಟರುಗಳ ಅಂತರದಲ್ಲಿ ಗಣಿಸಬಲ್ಲುದು. ಆದರೆ ರಸ್ತೆ, ಸೇತುವೆ, ಊರಿನ ಹೆಸರು ಇವು ಆಕಾಶದಿಂದ ಇಳಿದು ಬರುವುದಿಲ್ಲ. ನಕಾಶೆಯಲ್ಲಿ ಮನುಷ್ಯರು ತುಂಬಿದವು. ಚೀನದಲ್ಲಂತೂ ಸರಕಾರದ ನಿಯಮದಂತೆ ನಕಾಶೆಯ ಸ್ಥಾನಗಳನ್ನೇ ಬೇಕೆಂದು ಸರಿಸಿರುವುದರಿಂದ, ನೂರಾರು ಮೀಟರುಗಳ ವ್ಯತ್ಯಾಸ ಕಾಣುವುದುಂಟು.

ಪಾಲಕರು ಇನ್ನೊಂದು ಮಾತನ್ನು ಗಮನಿಸಬೇಕು. ಉಪಗ್ರಹದ ಸಂಕೇತಕ್ಕೆ ಇಂಟರ್ನೆಟ್ ಬೇಡ, ನಕಾಶೆಯನ್ನು ತರಿಸಿಕೊಳ್ಳಲು ಬೇಕು. ಪರದೇಶಕ್ಕೆ ಹೊರಡುವ ಮಗನೋ ಮಗಳೋ ಆ ಊರಿನ ನಕಾಶೆಯನ್ನು ಮನೆಯಲ್ಲಿದ್ದಾಗಲೇ ಮೊಬೈಲಿನಲ್ಲಿ ಇಳಿಸಿಕೊಳ್ಳಲಿ. ತಲುಪಬೇಕಾದ ವಿಳಾಸವನ್ನು ಜಿಲ್ಲೆ, ಅಂಚೆ ಸಂಖ್ಯೆ ಸಹಿತ, ಆ ದೇಶದ ಲಿಪಿಯಲ್ಲಿಯೇ ಕಾಗದದ ಮೇಲೆ ಬರೆಸಿ ಜೇಬಿನಲ್ಲಿಟ್ಟುಕೊಳ್ಳಲಿ.